ಹಿಂದಿನ ಸಾಲಿನಿಂದ ಗೇಣಿಯ ಮಾತು

ಶಾಂತವೇರಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಮೂರು ಸಲ ಆರಿಸಿ ಬಂದರು: 1952ರಲ್ಲಿ, 1962ರಲ್ಲಿ, 1967ರಲ್ಲಿ. ಮೂರು ಸಲವೂ ಅವರಿಗೆ ಸಿಕ್ಕಿದ್ದು ವಿರೋಧ ಪಕ್ಷದ ಬೆಂಚು. 1952ರ ಸದನದ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ಬಂದರೆ ಸಮಾಜವಾದಿ ಪಕ್ಷಕ್ಕೆ ಬಂದದ್ದು 3. 1962ರಲ್ಲಿ 208 ಸ್ಥಾನಗಳ ಸದನದಲ್ಲಿ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಪಕ್ಷದ ಪಾಲಿಗೆ ಒಂದೇ ಸ್ಥಾನ. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷಕ್ಕೆ 216ರಲ್ಲಿ 6. ಗೌಡರು ಮಂತ್ರಿಯಾದವರಲ್ಲ, ಅವರ ಹೆಸರು ಹೊತ್ತ ಕಾಯ್ದೆಯೂ ಇಲ್ಲ. ಹಾಗಿದ್ದೂ ಕರ್ನಾಟಕದ ಭೂಸುಧಾರಣೆಯ ಚರಿತ್ರೆ ಬರೆಯಲು ಕೂತವರು ಅವರನ್ನು ಬಿಟ್ಟು ಮುಂದೆ ಹೋಗಲಾರರು.

ಅದೇ ಕಾಲದಲ್ಲಿ ಸದನದ ಮುಂದಿನ ಸಾಲಿನಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಪಾಲು ದೊಡ್ಡದಿತ್ತು. ಆಗ ಈ ಸೀಮೆ ವಿಜಾಪುರ ಜಿಲ್ಲೆಯೊಳಗಿತ್ತು. 1958ರಿಂದ 1962ರವರೆಗೆ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ ಜಮಖಂಡಿ ತಾಲ್ಲೂಕಿನ ಸಾವಳಗಿಯವರು. 1956ರ ಡಿಸೆಂಬರ್‌ನಿಂದ 1962ರವರೆಗೆ ಸ್ಪೀಕರ್ ಪೀಠದಲ್ಲಿದ್ದ ಎಸ್.ಆರ್. ಕಂಠಿ ಹುನಗುಂದದ ಶಾಸಕರು. 1962ರ ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯೂ ಆದರು. ಆ ವರ್ಷದ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತಿದ್ದ ಎಸ್. ನಿಜಲಿಂಗಪ್ಪ ಬಾಗಲಕೋಟೆಯ ಉಪಚುನಾವಣೆಯಿಂದ ಸದನಕ್ಕೆ ಬಂದು ಮತ್ತೆ ಮುಖ್ಯಮಂತ್ರಿಯಾದರು. ಉಳುವವನಿಗೆ ಭೂಮಿ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಇವರ ಕೈಯಲ್ಲಿತ್ತು. ಸಾಲದು, ಇನ್ನೂ ಬೇಕು, ಈಗಲೇ ಬೇಕು ಎನ್ನುವ ಮಾತು ಮಲೆನಾಡಿನ ಗೋಪಾಲಗೌಡರ ಕಡೆಯಿಂದ ಬರುತ್ತಿತ್ತು.

ಗೇಣಿಯ ಪ್ರಶ್ನೆ ಎರಡೂ ಸೀಮೆಗಳಲ್ಲಿ ಇತ್ತು, ಆದರೆ ಅದರ ಮೈಕಟ್ಟು ಬೇರೆ. ಮಲೆನಾಡಿನಲ್ಲಿ ಗದ್ದೆ, ಅಡಿಕೆ ತೋಟ. ಒಡೆಯರು ಕೆಲವರು, ಗೇಣಿದಾರರು ಹಲವರು. ಗೇಣಿಯನ್ನು ಭತ್ತದಲ್ಲಿ ಅಳೆಯುತ್ತಿದ್ದರು. ಅಳೆಯುವ ಕೊಳಗ ಒಡೆಯನದು. ರಶೀದಿ ಕೊಡುವ ಪದ್ಧತಿ ಇರಲಿಲ್ಲ. ರಶೀದಿ ಇಲ್ಲದ ಗೇಣಿದಾರ ತಾನು ಗೇಣಿದಾರ ಎಂದು ಸಾಬೀತು ಮಾಡುವುದಾದರೂ ಹೇಗೆ? ಒಡೆಯ ಎಬ್ಬಿಸಿದರೆ ಏಳಬೇಕು, ಅಷ್ಟೇ.

ಬಾದಾಮಿ, ಹುನಗುಂದ, ಬಾಗಲಕೋಟೆ ಕಡೆಯ ಹೊಲಗಳು ಮಳೆಯನ್ನು ನಂಬಿದವು. ಎರಿ ಹೊಲದಲ್ಲಿ ಬಿಳಿಜೋಳ, ಹತ್ತಿ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ಮಲಪ್ರಭೆಯ ದಂಡೆ ಬಿಟ್ಟರೆ ಬಾದಾಮಿ ಬಳಿಯ ಬನಶಂಕರಿ, ಚೊಳಚಗುಡ್ಡದ ಸುತ್ತಲಿನ ನೆಲಕ್ಕೂ ಮುಗಿಲೇ ಗತಿ. ಇಲ್ಲಿ ಹೊಲ ಕೋರಿಗೆ ಅಥವಾ ಲಾವಣಿಗೆ ಹೋಗುತ್ತಿತ್ತು. ಕೋರು ಎಂದರೆ ಬೆಳೆಯಲ್ಲಿ ಪಾಲು. ಲಾವಣಿ ಎಂದರೆ ಇಂತಿಷ್ಟು ಎಂದು ಮೊದಲೇ ಗೊತ್ತು ಮಾಡಿದ ಹಣ ಅಥವಾ ಕಾಳು. ಬರಗಾಲ ಬಿದ್ದ ವರ್ಷ ಕೋರಿನವನಿಗೂ ಒಡೆಯನಿಗೂ ಇಬ್ಬರಿಗೂ ಏನೂ ಇಲ್ಲ; ಲಾವಣಿಯವನ ತಲೆಯ ಮೇಲೆ ಮಾತ್ರ ಬಾಕಿ ಉಳಿಯುತ್ತಿತ್ತು. ಇದರ ಜೊತೆಗೆ ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನಗಳು ಒಂದು ಕಡೆ. ತಳವಾರ, ವಾಲೀಕಾರರು ಊರ ಚಾಕರಿಗೆ ಪ್ರತಿಯಾಗಿ ಉಣ್ಣುತ್ತಿದ್ದ ತುಂಡು ಹೊಲಗಳು ಇನ್ನೊಂದು ಕಡೆ. ಚಾಕರಿ ಬಿಟ್ಟರೆ ಆ ಹೊಲವೂ ಹೋಗುತ್ತಿತ್ತು. ಹಾಗಾಗಿ ಕೆಳಗಿನ ವತನ ಎಂಬುದು ಆಸ್ತಿಗಿಂತ ಹೆಚ್ಚಾಗಿ ಕಟ್ಟಿಹಾಕುವ ಕಣ್ಣಿಯಾಗಿತ್ತು.

ಕಾನೂನಿನ ವಿಷಯದಲ್ಲಿ ಮುಂಬಯಿ ಪ್ರಾಂತದ ಈ ಭಾಗ ಹಳೆ ಮೈಸೂರಿಗಿಂತ ಮುಂದಿತ್ತು. 1939ರ ಕಾಯ್ದೆ ಸಂರಕ್ಷಿತ ಗೇಣಿದಾರ ಎಂಬ ವರ್ಗವನ್ನೇ ಮಾಡಿತು. 1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ಅದನ್ನು ವಿಸ್ತರಿಸಿತು. ಹಳ್ಳಿಯ ಜನರ ಬಾಯಲ್ಲಿ ಅದು ಕುಳ ಕಾಯ್ದೆ. ಮುಂದಿನ ತಿದ್ದುಪಡಿ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಗೊತ್ತು ಮಾಡಿತು. ಅಂದು ಗೇಣಿದಾರನೇ ಹೊಲವನ್ನು ಕೊಂಡವನೆಂದು ಕಾನೂನು ಭಾವಿಸುವುದು ಎಂಬ ಏರ್ಪಾಡು. ಅಷ್ಟರಲ್ಲಿ 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಜಿಲ್ಲೆಗಳು ಮೈಸೂರಿಗೆ ಸೇರಿದವು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬರಲಿ ಎಂಬ ಕಾರಣ ಹೇಳಿ ಹೊಸ ಸರಕಾರ ಆ ಏರ್ಪಾಡನ್ನು ಈ ಜಿಲ್ಲೆಗಳಲ್ಲಿ ತಡೆಹಿಡಿಯಿತು. ಕನ್ನಡಿಗರೆಲ್ಲ ಒಂದಾದ ಸಂತೋಷದ ನಡುವೆ ಬಾದಾಮಿಯ ಗೇಣಿದಾರನಿಗೆ ಒದಗಿದ ಈ ನಷ್ಟ ಏಕೀಕರಣದ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು; ತೀರ್ಥಹಳ್ಳಿ ಸೀಮೆಯವರು. ವಿದ್ಯಾರ್ಥಿಯಾಗಿದ್ದಾಗ 1942ರ ಚಳವಳಿಯಲ್ಲಿ ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷ, ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ವಿಚಾರ. ಅವರನ್ನು ನಾಯಕನನ್ನಾಗಿ ಮಾಡಿದ್ದು ಸಾಗರ ತಾಲ್ಲೂಕಿನ ಕಾಗೋಡು.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿ ಅಳೆಯುವ ಕೊಳಗ ಪೇಟೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಅವರ ಮೊದಲ ತಕರಾರು. ರಶೀದಿ ಕೊಡುವುದಿಲ್ಲ, ಬಿಟ್ಟಿ ದುಡಿಸುತ್ತಾರೆ, ಮೊಣಕಾಲಿನಿಂದ ಕೆಳಗೆ ಪಂಚೆ ಇಳಿಬಿಟ್ಟರೆ ಸಹಿಸುವುದಿಲ್ಲ ಎಂಬವು ಉಳಿದವು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಇವರನ್ನು ಒಗ್ಗೂಡಿಸಿದ್ದರು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ತಮ್ಮನ್ನು ಬಿಡಿಸಿದ್ದ ಹೊಲಗಳಿಗೆ ನೇಗಿಲು ಹೂಡಿಕೊಂಡು ಇಳಿದರು, ಬಂಧನಗಳು ಶುರುವಾದವು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು, ಗೋಪಾಲಗೌಡರು ಅದರ ಮುಂದಾಳಾದರು. ಜೂನ್ ತಿಂಗಳಲ್ಲಿ ಲೋಹಿಯಾ ಬಂದು ಹೊಲಕ್ಕಿಳಿದರು. ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವಾಯಿತು. ಸತ್ಯಾಗ್ರಹಕ್ಕೆ ತಕ್ಷಣದ ಗೆಲುವೇನೂ ಸಿಗಲಿಲ್ಲ. ಹೊಲ ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಅದು ಆಗ ಮರಳಿ ಬರಲೂ ಇಲ್ಲ. ಆದರೆ ಒಂದು ಹಳ್ಳಿಯ ಕೊಳಗದ ಜಗಳ ಇಡೀ ರಾಜ್ಯದ ಪ್ರಶ್ನೆಯಾಗಿ ನಿಂತಿತು.

ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯ ಫಲಿತಾಂಶದಲ್ಲಿ ಒಂದು ವಿಚಿತ್ರವಿದೆ. ವಿಧಾನಸಭೆಗೆ ಸಾಗರ-ಹೊಸನಗರದ ಮತದಾರರು ಗೋಪಾಲಗೌಡರನ್ನು ಆರಿಸಿದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕಾಂಗ್ರೆಸ್ಸಿನ ಪರವಾಗಿ ಲೋಕಸಭೆಗೆ ಹೋದವರು ಕಾಗೋಡಿನ ಭೂಮಾಲೀಕರಾದ ಕೆ.ಜಿ. ಒಡೆಯರ್. ಒಂದೇ ಜಗಳದ ಎರಡು ಪಕ್ಷಗಳೂ ಶಾಸನ ಮಾಡುವ ಮನೆಗಳಿಗೆ ಹೋದವು, ಒಂದು ದೆಹಲಿಗೆ, ಒಂದು ಬೆಂಗಳೂರಿಗೆ. ಗೌಡರು ಮತದಾರರ ಬಳಿ ಒಂದು ವೋಟು, ಒಂದು ನೋಟು ಎಂದು ಕೇಳುತ್ತಿದ್ದರು. ಅಭ್ಯರ್ಥಿ ಹಣ ಹಂಚದೆ ಜನರಿಂದಲೇ ಹಣ ಪಡೆಯುವ ಆ ರೀತಿ ಇಂದಿಗೆ ದಂತಕತೆಯಂತೆ ಕೇಳಿಸುತ್ತದೆ. ಪಕ್ಷಕ್ಕೆ ಬೇರೆ ದಾರಿ ಇರಲಿಲ್ಲ ಎಂಬುದೂ ನಿಜ.

ಅಂದಿನ ಸದನದಲ್ಲಿ ಹಿಂದಿನ ಸಾಲಿನ ವಿರೋಧ ಸದಸ್ಯನಿಗೆ ಇದ್ದ ಹತಾರಗಳು ಕೆಲವೇ. ಪ್ರಶ್ನೋತ್ತರ ಒಂದು. ರಾಜ್ಯಪಾಲರ (1956ರ ವರೆಗೆ ಮೈಸೂರಿನಲ್ಲಿ ರಾಜಪ್ರಮುಖರ) ಭಾಷಣದ ಮೇಲಿನ ವಂದನಾ ನಿರ್ಣಯದ ಚರ್ಚೆ ಇನ್ನೊಂದು. ಇಲಾಖೆಗಳ ಬೇಡಿಕೆಗಳು ಬಂದಾಗ ಕಡಿತ ಸೂಚನೆ ತಂದು ಮಾತನಾಡಬಹುದು. ಮಸೂದೆಗೆ ತಿದ್ದುಪಡಿ ಸೂಚಿಸಬಹುದು. 74 ಮಂದಿಯ ಎದುರು ಅದು ಬೀಳುವುದು ಖಚಿತ. ಖಾಸಗಿ ಸದಸ್ಯರ ದಿನ ನಿರ್ಣಯ ಮಂಡಿಸಬಹುದು. ಮಂತ್ರಿ ಎದ್ದು ಸರಕಾರ ಪರಿಶೀಲಿಸುತ್ತದೆ ಎಂದ ಮೇಲೆ ಹಿಂದೆ ತೆಗೆದುಕೊಳ್ಳಬೇಕು. ಇವುಗಳಲ್ಲಿ ಯಾವುದೂ ಕಾನೂನನ್ನು ಮಾಡುವುದಿಲ್ಲ. ಆದರೆ ಸಭೆಯ ನಡವಳಿಯ ಪುಸ್ತಕದಲ್ಲಿ ಮಾತು ದಾಖಲಾಗುತ್ತದೆ, ಮಂತ್ರಿ ಉತ್ತರ ಕೊಡಲೇಬೇಕಾಗುತ್ತದೆ, ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಗೌಡರು ಈ ಸಣ್ಣ ಅವಕಾಶಗಳನ್ನೇ ಹಿಗ್ಗಿಸಿದರು.

ಅವರ ವಾದದ ತಿರುಳು ಸರಳವಾಗಿತ್ತು. ಗೇಣಿಯ ದರ ಇಳಿಸುವುದು ಸುಧಾರಣೆಯಲ್ಲ, ಗೇಣಿಯೇ ಹೋಗಬೇಕು. ಒಡೆಯ ತಾನೇ ಸಾಗುವಳಿ ಮಾಡುತ್ತೇನೆ ಎಂದು ಹೇಳಿ ಭೂಮಿ ಹಿಂತೆಗೆದುಕೊಳ್ಳುವ ಹಕ್ಕು ಇರುವವರೆಗೆ ಗೇಣಿದಾರನಿಗೆ ಕೊಟ್ಟ ಯಾವ ರಕ್ಷಣೆಯೂ ರಕ್ಷಣೆಯಲ್ಲ. ಉಳುವವನೇ ಹೊಲದೊಡೆಯ ಎಂಬ ಕಾಗೋಡಿನ ಘೋಷಣೆಯನ್ನು ಕಾಯ್ದೆಯ ಭಾಷೆಗೆ ಇಳಿಸಿದರೆ ಇದೇ ಆಗುತ್ತದೆ. ಭೂಮಿಯ ಜೊತೆಗೆ ಅವರು ಬಿಡದೆ ಹಿಡಿದ ಇನ್ನೆರಡು ವಿಷಯಗಳು ಆಡಳಿತದಲ್ಲಿ ಕನ್ನಡ ಮತ್ತು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಇವು ಬಿಡಿಬಿಡಿ ಬೇಡಿಕೆಗಳಂತೆ ಕಂಡರೂ ಅವರಿಗೆ ಒಂದೇ ಆಗಿದ್ದವು. ಇಂಗ್ಲಿಷಿನಲ್ಲಿ ಬಂದ ನೋಟೀಸನ್ನು ಓದಲಾರದ ಗೇಣಿದಾರ ಕಾಯ್ದೆ ಎಷ್ಟೇ ಒಳ್ಳೆಯದಿದ್ದರೂ ಕಚೇರಿಯ ಮೆಟ್ಟಿಲಲ್ಲೇ ಸೋಲುತ್ತಾನೆ ಎಂಬುದು ಲೋಹಿಯಾವಾದಿಗಳ ಒಟ್ಟು ನಿಲುವು. ಭಾಷೆಯ ಪ್ರಶ್ನೆಯನ್ನು ಅಭಿಮಾನದ ನೆಲೆಯಿಂದ ನ್ಯಾಯದ ನೆಲೆಗೆ ತಂದದ್ದು ಆ ತಲೆಮಾರಿನ ಸಮಾಜವಾದಿಗಳ ದೊಡ್ಡ ಕೆಲಸ. 1967ರಲ್ಲಿ ಶಿವಮೊಗ್ಗದಿಂದಲೇ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದೂ ಇದೇ ಸಾಲಿನ ಮುಂದುವರಿಕೆ.

ಮೊದಲ ಅವಧಿಯ ಐದು ವರ್ಷಗಳಲ್ಲಿ ಸದನದ ಮುಂದೆ ಭೂಮಿಯ ವಿಷಯ ಮತ್ತೆ ಮತ್ತೆ ಬಂತು. 1954ರಲ್ಲಿ ವೈಯಕ್ತಿಕ ಇನಾಮು, 1955ರಲ್ಲಿ ಧಾರ್ಮಿಕ ಇನಾಮು ರದ್ದಿಯಾತಿ ಕಾಯ್ದೆಗಳಾದವು. ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪ ಕೂಡ ತೀರ್ಥಹಳ್ಳಿಯವರೇ, ಗಾಂಧಿವಾದಿ, ಸರಳ ಬದುಕಿನವರು. ಒಂದೇ ತಾಲ್ಲೂಕಿನ ನೀರು ಕುಡಿದ ಇಬ್ಬರು ಒಂದೇ ರೋಗಕ್ಕೆ ಬೇರೆ ಬೇರೆ ಮದ್ದು ಹೇಳುತ್ತಿದ್ದರು. ಮಂಜಪ್ಪನವರದು ಹಂತಹಂತವಾಗಿ, ಪರಿಹಾರ ಕೊಟ್ಟು, ಯಾರನ್ನೂ ಎದುರು ಹಾಕಿಕೊಳ್ಳದೆ ಸಾಗುವ ದಾರಿ. ಗೌಡರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇತಿಹಾಸಕಾರರು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುತ್ತಾರೆ, ಅದು ಸರಿಯಲ್ಲ. ಇನಾಮು ರದ್ದಾಗದಿದ್ದರೆ ಮುಂದಿನ ಹೆಜ್ಜೆಗೆ ನೆಲವೇ ಇರುತ್ತಿರಲಿಲ್ಲ.

1957ರಲ್ಲಿ ಗೌಡರು ಸೋತರು. ಭೂಸುಧಾರಣೆಯ ದೊಡ್ಡ ಕಾಯ್ದೆ ರೂಪುಗೊಂಡದ್ದು ಅವರು ಸದನದಲ್ಲಿಲ್ಲದ ಈ ಐದು ವರ್ಷಗಳಲ್ಲೇ. ಐದು ಕಡೆಯಿಂದ ಬಂದು ಸೇರಿದ ರಾಜ್ಯದಲ್ಲಿ ಐದು ಬಗೆಯ ಗೇಣಿ ಕಾಯ್ದೆಗಳಿದ್ದವು: ಹಳೆ ಮೈಸೂರಿನದು, ಮುಂಬಯಿಯದು, ಹೈದರಾಬಾದಿನದು, ಮದರಾಸಿನದು, ಕೊಡಗಿನದು. ಇವನ್ನೆಲ್ಲ ಒಂದು ಮಾಡಲು 1957ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರು ಬಿ.ಡಿ. ಜತ್ತಿ. ಆ ಆಯ್ಕೆಗೆ ಕಾರಣವಿತ್ತು. ಜತ್ತಿಯವರು ಜಮಖಂಡಿ ಸಂಸ್ಥಾನದ ದಿವಾನಗಿರಿ ಮಾಡಿದವರು, ಸಂಸ್ಥಾನ ವಿಲೀನವಾದ ಮೇಲೆ ಮುಂಬಯಿ ಸರಕಾರದಲ್ಲಿ ಉಪಮಂತ್ರಿಯಾಗಿದ್ದವರು. ಮುಂಬಯಿಯ ಕುಳ ಕಾಯ್ದೆಯ ಒಳಹೊರಗು ಬಲ್ಲವರು. ಸಮಿತಿಯ ವರದಿಯ ಆಧಾರದ ಮೇಲೆ 1958ರಲ್ಲಿ ಮಸೂದೆ ಬಂದು, ಜಂಟಿ ಪರಿಶೀಲನಾ ಸಮಿತಿಯ ಕೈ ದಾಟಿ, ಜತ್ತಿಯವರೇ ಮುಖ್ಯಮಂತ್ರಿಯಾಗಿ, ಕಂಠಿಯವರು ಸ್ಪೀಕರ್ ಆಗಿ ಇದ್ದಾಗ 1961ರ ಮೈಸೂರು ಭೂಸುಧಾರಣಾ ಕಾಯ್ದೆಯಾಯಿತು. ರಾಷ್ಟ್ರಪತಿಗಳ ಒಪ್ಪಿಗೆ ಬಂದದ್ದು 1962ರಲ್ಲಿ.

ಕಾಯ್ದೆ ಗೇಣಿಯನ್ನು ಒಟ್ಟು ಬೆಳೆಯ ಕಾಲು ಅಥವಾ ಐದನೆಯ ಒಂದು ಪಾಲಿಗೆ ಇಳಿಸಿತು. ಹಿಡುವಳಿಗೆ 27 ಪ್ರಮಾಣ ಎಕರೆಯ ಮಿತಿ ಹಾಕಿತು. ಪ್ರಮಾಣ ಎಕರೆ ಎಂಬ ಲೆಕ್ಕವೇ ಬಾಗಲಕೋಟೆ ಕಡೆಯ ಭೂಮಾಲೀಕನಿಗೆ ವರವಾಯಿತು. ನೀರಾವರಿಯ ಒಳ್ಳೆ ಗದ್ದೆ ಒಂದು ಎಕರೆಯಾದರೆ ಕೆಳದರ್ಜೆಯ ಒಣಬೇಸಾಯದ ಹೊಲದ ಎಂಟು ಎಕರೆ ಅದಕ್ಕೆ ಸಮ. ಅಂದರೆ ಒಣಭೂಮಿಯಲ್ಲಿ 216 ಎಕರೆವರೆಗೆ ಇಟ್ಟುಕೊಳ್ಳಬಹುದಿತ್ತು. ಬಾದಾಮಿ, ಹುನಗುಂದದ ಮಡ್ಡಿ ನೆಲದಲ್ಲಿ ಅಷ್ಟು ಹೊಲ ಇದ್ದವರನ್ನು ಬೆರಳಲ್ಲಿ ಎಣಿಸಬಹುದು. ಇದ್ದವರಿಗೂ ಮಸೂದೆ ಬಂದ ದಿನದಿಂದ ಕಾಯ್ದೆ ಜಾರಿಯಾಗುವ ದಿನದವರೆಗೆ ಅಣ್ಣತಮ್ಮಂದಿರ ಹೆಸರಿಗೆ, ಹೆಂಡಿರ ಹೆಸರಿಗೆ ಹಂಚಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತು. ಏಕೆಂದರೆ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮಸೂದೆಗೂ ಜಾರಿಗೂ ನಡುವೆ ಏಳು ವರ್ಷ. ಒಡೆಯ ಸ್ವಂತ ಸಾಗುವಳಿಗೆಂದು ಭೂಮಿ ಬಿಡಿಸಿಕೊಳ್ಳುವ ಅವಕಾಶವನ್ನೂ ಕಾಯ್ದೆ ಉಳಿಸಿತ್ತು. ಆಳು ಹಚ್ಚಿ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. 1957ರ ಏಪ್ರಿಲ್ 1ಕ್ಕೆ ಹೊಲದ ಒಡೆಯನಾಗಬೇಕಿದ್ದ ವಿಜಾಪುರ ಜಿಲ್ಲೆಯ ಗೇಣಿದಾರ ಎಂಟೂವರೆ ವರ್ಷ ಕಾದು, ಕೊನೆಗೆ ಹಳೆ ಮುಂಬಯಿ ಕಾಯ್ದೆಗಿಂತ ಹಿಂದಿನ ಸ್ಥಿತಿಯಲ್ಲಿ ನಿಂತ.

ಜತ್ತಿಯವರನ್ನು ಇದಕ್ಕಾಗಿ ಹಳಿಯುವುದು ಸುಲಭ. ಆದರೆ ಅವರ ಪಕ್ಷದ ಬೆಂಚುಗಳಲ್ಲಿ ಕೂತಿದ್ದವರಲ್ಲಿ ಭೂಮಾಲೀಕರೇ ಬಹಳ. ಅವರ ಕೈ ಎತ್ತಿಸಿಯೇ ಕಾಯ್ದೆಯಾಗಬೇಕು. ಆ ಸದನದಲ್ಲಿ ಇದಕ್ಕಿಂತ ಬಿಗಿಯಾದ ಕಾಯ್ದೆ ಪಾಸಾಗುತ್ತಿತ್ತೇ ಎಂಬುದು ಸಂಶಯ. ಇದೇ ಅವಧಿಯ ಇನ್ನೊಂದು ಕಾಯ್ದೆಗೆ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಗೆ, ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 1963ರ ಫೆಬ್ರುವರಿ 1ರಿಂದ ಅದು ಜಾರಿಯಾಗಿ ತಳವಾರ, ವಾಲೀಕಾರ ಮುಂತಾದವರ ವಂಶಪಾರಂಪರ್ಯ ಚಾಕರಿ ಕೊನೆಗೊಂಡಿತು, ಅವರು ಉಣ್ಣುತ್ತಿದ್ದ ಹೊಲಗಳನ್ನು ಅವರ ಹೆಸರಿಗೇ ಮರುಮಂಜೂರು ಮಾಡುವ ದಾರಿ ತೆರೆಯಿತು. ಇದರ ಬೀಜ ಇನ್ನೂ ಹಿಂದಿನದು. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1928ರಲ್ಲಿ, ಮುಂಬಯಿ ಶಾಸನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರಾಗಿದ್ದ ಬಿ.ಆರ್. ಅಂಬೇಡ್ಕರ್ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದಿದ್ದರು. ಕೆಳಗಿನ ವತನದಾರರನ್ನು ಚಾಕರಿಯ ಕಣ್ಣಿಯಿಂದ ಬಿಡಿಸಬೇಕೆಂಬುದು ಅದರ ಆಶಯ. ಅದು ಆಗ ಪಾಸಾಗಲಿಲ್ಲ. ಪಕ್ಷದ ಬಲವಿಲ್ಲದ ಸದಸ್ಯನ ಮಸೂದೆ ಕಾಯ್ದೆಯ ಪುಸ್ತಕಕ್ಕೆ ಸೇರಲು ಮೂರು ದಶಕ ದಾಟಬೇಕಾಯಿತು.

1962ರಲ್ಲಿ ಗೌಡರು ತೀರ್ಥಹಳ್ಳಿಯಿಂದ ಗೆದ್ದು ಮರಳಿದಾಗ ಸದನದ ಚಹರೆ ಬದಲಾಗಿತ್ತು. ಪ್ರಜಾ ಸಮಾಜವಾದಿಗಳು 20 ಮಂದಿ ಇದ್ದರು. ಸಮಾಜವಾದಿಗಳು ಒಡೆದಾಗ ಲೋಹಿಯಾ ಜೊತೆ ಉಳಿದ ಗೌಡರು ಅವರಿಂದ ಬೇರೆ. ಎದುರಿಗೆ ನಿಜಲಿಂಗಪ್ಪನವರು, ಬಾಗಲಕೋಟೆಯ ಪ್ರತಿನಿಧಿ. ಅವರ ಆಡಳಿತದ ಒಲವು ಅಣೆಕಟ್ಟು, ವಿದ್ಯುತ್ತು, ರಸ್ತೆಗಳ ಕಡೆಗೆ. 1964ರ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳಿಂದ ಶಂಕುಸ್ಥಾಪನೆಯಾಯಿತು. ಅದೇ ವರ್ಷ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು; ಗೌಡರ ಮೊದಲ ಕ್ಷೇತ್ರದ ನೆಲವೇ ಅದು. ಮುಳುಗಡೆಯಲ್ಲಿ ಹೊಲದ ಒಡೆಯನಿಗೆ ಪರಿಹಾರವುಂಟು, ಗೇಣಿಗೆ ಉಳುತ್ತಿದ್ದವನಿಗೆ ಕಾಗದವೇ ಇಲ್ಲ. ಬಾಗಲಕೋಟೆ ಈ ಪಾಠವನ್ನು ಕಲಿತದ್ದು ಕೆಲವು ದಶಕಗಳ ನಂತರ, ಆಲಮಟ್ಟಿಯ ಹಿನ್ನೀರು ಊರಿನೊಳಗೆ ಬಂದಾಗ.

ಈ ಅವಧಿಯಲ್ಲಿ ಸಾಮಾಜಿಕ ನ್ಯಾಯದ ಇನ್ನೊಂದು ಪ್ರಶ್ನೆಯೂ ಮೇಲೆದ್ದಿತು. ನಾಗನಗೌಡ ಸಮಿತಿಯ ವರದಿಯ ಮೇಲೆ ಸರಕಾರ ಮಾಡಿದ್ದ ಶೇಕಡ 68ರ ಮೀಸಲಾತಿಯ ಆಜ್ಞೆಯನ್ನು ಸುಪ್ರೀಂ ಕೋರ್ಟು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ರದ್ದು ಮಾಡಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆ ಮಾಡಬಾರದು, ಮೀಸಲು ಅರ್ಧಕ್ಕಿಂತ ಕೆಳಗಿರಬೇಕು ಎಂಬುದು ತೀರ್ಪಿನ ಸಾರ. ಲೋಹಿಯಾ ಪಕ್ಷದ ಬೇಡಿಕೆ ಇದಕ್ಕೆ ತೀರ ಎದುರು: ಹೆಂಗಸರು, ದಲಿತರು, ಆದಿವಾಸಿಗಳು, ಹಿಂದುಳಿದವರು ಎಲ್ಲರನ್ನೂ ಸೇರಿಸಿ ನೂರಕ್ಕೆ ಅರುವತ್ತು. ಭೂಮಿ, ಭಾಷೆ, ಜಾತಿ ಮೂರನ್ನೂ ಒಂದೇ ಹಗ್ಗದಲ್ಲಿ ಹೆಣೆದ ರಾಜಕೀಯ ಕರ್ನಾಟಕದಲ್ಲಿ ಮೊದಲು ಕಂಡದ್ದು ಶಿವಮೊಗ್ಗದ ಈ ಸಮಾಜವಾದಿಗಳಲ್ಲೇ. ಆ ಮೂರರಲ್ಲಿ ಗೌಡರ ಕೈ ಬಲವಾಗಿದ್ದದ್ದು ಮೊದಲ ಎರಡರಲ್ಲಿ.

ಗೋಪಾಲಗೌಡರು ಸದನದಲ್ಲಿ ಮೈಕು ಮುರಿದರು ಎಂಬ ಕತೆಯನ್ನು ಇಂದಿಗೂ ಹೇಳುತ್ತಾರೆ. ಅವರ ವಿಷಯ ಬೇರೇನೂ ತಿಳಿಯದವರಿಗೂ ಅದು ಗೊತ್ತು. ಸಿಟ್ಟಿನ ಆ ಒಂದು ಗಳಿಗೆ ಗಂಟೆಗಟ್ಟಲೆಯ ವಾದಗಳನ್ನು ನುಂಗಿಬಿಟ್ಟದ್ದು ಅವರ ಸ್ಮೃತಿಗೆ ಆದ ಅನ್ಯಾಯ. ಅವರ ಮಾತಿನ ಬಲ ಓದಿನದು. ಸಾಹಿತ್ಯವನ್ನು ಹಚ್ಚಿಕೊಂಡ ರಾಜಕಾರಣಿ ಅವರು. ಲೇಖಕರ ಒಂದು ತಲೆಮಾರೇ ಅವರ ಸುತ್ತ ಬೆಳೆಯಿತು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಪಾತ್ರ ರೂಪುಗೊಂಡದ್ದು ಅವರ ಬದುಕಿನ ಎಳೆಗಳಿಂದ. ಕಾದಂಬರಿಯ ನಾಯಕರಾಗುವ ಹಿಂದಿನ ಸಾಲಿನ ಶಾಸಕರು ವಿರಳ, ಮಂತ್ರಿಗಳೂ ವಿರಳವೇ.

1967ರ ಗೆಲುವಿನಲ್ಲಿ ಜೊತೆಗೆ ಇನ್ನಷ್ಟು ಮಂದಿ ಬಂದರು. ಸೊರಬದಿಂದ ಆರಿಸಿ ಬಂದ ಎಸ್. ಬಂಗಾರಪ್ಪ ಅವರಲ್ಲೊಬ್ಬರು. ಆದರೆ ಗೌಡರ ಆರೋಗ್ಯ ಕೆಡುತ್ತ ಬಂತು. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಹಳೆಯ ಕಾಂಗ್ರೆಸ್ಸಿನ ಕಡೆ ನಿಜಲಿಂಗಪ್ಪ, ಇಂದಿರಾ ಗಾಂಧಿಯವರ ಕಡೆ ದೇವರಾಜ ಅರಸು. 1972ರ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ ಗೆದ್ದಿತು, ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಅದೇ ಚುನಾವಣೆಯಲ್ಲಿ ತೀರ್ಥಹಳ್ಳಿಯ ಸ್ಥಾನವನ್ನು ಸಮಾಜವಾದಿಗಳಿಗೆ ಉಳಿಸಿಕೊಟ್ಟವರು ಕೋಣಂದೂರು ಲಿಂಗಪ್ಪ. ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಅವರಿಗೆ ಆಗ ನಲವತ್ತೊಂಬತ್ತು.

ಅವರು ಕೇಳುತ್ತಿದ್ದದ್ದರಲ್ಲಿ ಬಹುಪಾಲು ಅವರು ಹೋದ ಎರಡು ವರ್ಷದೊಳಗೆ ಆಯಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಒಡೆಯ ಹಿಂತೆಗೆದುಕೊಳ್ಳುವ ಹಕ್ಕು ಹೋಯಿತು. ಹೊಸದಾಗಿ ಗೇಣಿಗೆ ಕೊಡುವುದೇ ನಿಷಿದ್ಧವಾಯಿತು. ಕುಟುಂಬಕ್ಕೆ ಮಿತಿ 10 ಯೂನಿಟ್. ಒಣಭೂಮಿಯಲ್ಲಿ ಅದು 54 ಎಕರೆ. 216 ಎಲ್ಲಿ, 54 ಎಲ್ಲಿ! ಗೇಣಿದಾರ ಏಳನೇ ನಮೂನೆಯ ಅರ್ಜಿ ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಮಂಡಳಿಯಲ್ಲಿ ಅಧಿಕಾರಿಯ ಜೊತೆ ಸರಕಾರ ನೇಮಿಸಿದ ಸ್ಥಳೀಯ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಬೇಕು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಚೇರಿಯ ಭಾಷೆಗೆ ಹೆದರುತ್ತಿದ್ದ ಗೇಣಿದಾರ ತನ್ನ ಮಾತಿನಲ್ಲೇ ತನ್ನ ಕತೆ ಹೇಳಬಹುದಾದ ಜಾಗವೊಂದು ಹೀಗೆ ಹುಟ್ಟಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಇದನ್ನು ಗೋಪಾಲಗೌಡರ ಗೆಲುವು ಎಂದುಬಿಡುವುದು ಅತಿಯಾಗುತ್ತದೆ. ಕಾಯ್ದೆ ಅರಸು ಅವರದು. ಭೂಮಾಲೀಕ ಜಾತಿಗಳ ಹಿಡಿತದಿಂದ ಪಕ್ಷವನ್ನು ಬಿಡಿಸಿಕೊಳ್ಳುವ ಅವರ ಲೆಕ್ಕಾಚಾರವೂ, ಇಂದಿರಾ ಗಾಂಧಿಯವರ ಘೋಷಣೆಯ ಒತ್ತಡವೂ ಅದರಲ್ಲಿದ್ದವು. ಆದರೆ ಹಿಂತೆಗೆತದ ಹಕ್ಕು ಇರಕೂಡದು, ಗೇಣಿಪದ್ಧತಿಯೇ ಕೊನೆಯಾಗಬೇಕು ಎಂಬ ವಾದ 1974ರಲ್ಲಿ ಯಾರಿಗೂ ಹೊಸದಾಗಿ ಕೇಳಿಸಲಿಲ್ಲ. ಎರಡು ದಶಕ ಸದನದ ಒಳಗೂ ಹೊರಗೂ ಅದು ಕಿವಿಗೆ ಬಿದ್ದಿತ್ತು. ಹಿಂದಿನ ಸಾಲಿನ ಸದಸ್ಯನೊಬ್ಬ ಮಾಡಬಹುದಾದ್ದು ಅದು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಾಗೋಡಿನಿಂದಲೇ ಬಂದ ಕಾಗೋಡು ತಿಮ್ಮಪ್ಪನವರು ಮುಂದೆ ಇದೇ ವಿಧಾನಸಭೆಯ ಸ್ಪೀಕರ್ ಆದರು, ಕಂದಾಯ ಖಾತೆಯನ್ನೂ ನಡೆಸಿದರು.

1974ರ ಕಾಯ್ದೆಯ ಫಲ ಎಲ್ಲ ಕಡೆ ಒಂದೇ ಆಗಲಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಅದು ಊರುಗಳ ಸ್ವರೂಪವನ್ನೇ ಬದಲಿಸಿತು, ಏಕೆಂದರೆ ಅಲ್ಲಿ ಗೇಣಿ ಸಾಗುವಳಿಯೇ ವ್ಯಾಪಕ. ಬಾಗಲಕೋಟೆಯ ಒಣಸೀಮೆಯಲ್ಲಿ ಗೇಣಿಯ ಪ್ರಮಾಣ ಮೊದಲೇ ಕಡಿಮೆ. ಇದ್ದವರಲ್ಲಿ ಹಲವರು 1957 ಮತ್ತು 1974ರ ನಡುವೆ ಹೊಲ ಬಿಟ್ಟುಕೊಟ್ಟಾಗಿತ್ತು. ಗೇಣಿದಾರನೇ ಅಲ್ಲದ ಕೂಲಿಕಾರನಿಗೆ, ಅವರಲ್ಲಿ ದಲಿತರೇ ಹೆಚ್ಚು, ಈ ಕಾಯ್ದೆಯಿಂದ ಸಿಕ್ಕಿದ್ದು ಅಲ್ಪ. ಉಳುವವನಿಗೆ ಭೂಮಿ ಎಂಬ ಸೂತ್ರದಲ್ಲಿ ಕಳೆ ತೆಗೆಯುವವಳಿಗೆ, ಕೊಯ್ಯುವವನಿಗೆ ಜಾಗವಿರಲಿಲ್ಲ. ಸಮಾಜವಾದಿಗಳ ವಾದದೊಳಗೇ ಇದ್ದ ಈ ಕೊರತೆಯನ್ನು ಎಪ್ಪತ್ತರ ದಶಕದ ದಲಿತ ಚಳವಳಿ ಎತ್ತಿ ತೋರಿಸಿತು. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯ್ದೆ ಬಂತು.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ವಿಧಿಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಗೇಣಿಯ ನಿಷೇಧ ಕಾಯ್ದೆಯಲ್ಲಿ ಹಾಗೆಯೇ ಇದೆ. ಬಾದಾಮಿ, ಹುನಗುಂದ ತಾಲ್ಲೂಕುಗಳಲ್ಲಿ ಲಾವಣಿಯೂ ಇದೆ, ಬಾಯಿಮಾತಿನ ಮೇಲೆ. ಲಾವಣಿ ಹಿಡಿದವನ ಹೆಸರು ಉತಾರದಲ್ಲಿ (ಪಹಣಿಯಲ್ಲಿ) ಇರುವುದಿಲ್ಲವಾದ್ದರಿಂದ ಬ್ಯಾಂಕಿನ ಬೆಳೆಸಾಲವೂ ಬರಗಾಲದ ಪರಿಹಾರವೂ ಹೊಲದ ಒಡೆಯನ ಖಾತೆಗೇ ಹೋಗುತ್ತವೆ.